ಬೋರ್ಡಿಗೆ ‘ಅವಸರ’ ಬೇಕಾ, ‘ತುರ್ತು’ ಬೇಕಾ?

ಎಲ್ಲರಿಗೂ ನಮಸ್ಕಾರ. ಒಂದು ಬೋರ್ಡಿನ ವಿಷಯ, ಸಂಜೆ 5ಕ್ಕೆ ಪ್ರಿಂಟಿಗೆ ಹೋಗಬೇಕು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ಬಿದ್ದರೆ ಇಳಿದು ಓಡುವ ಮೆಟ್ಟಿಲಿದೆ. ಅದಕ್ಕೆ ಕನ್ನಡ, ತಮಿಳು, ತೆಲುಗು, ಹಿಂದಿಯಲ್ಲಿ ಬರೆಸುತ್ತಿದ್ದೇವೆ. ತಮಿಳಿನ ‘ಅವಸರ ವಳಿ’ ನೋಡಿಕೊಂಡು ಯಾರೋ ಕನ್ನಡಕ್ಕೂ ‘ಅವಸರ ದಾರಿ’ ಎಂದು ಕೊಟ್ಟಿದ್ದಾರೆ. ಓದಿದರೆ ಆಫೀಸಿಗೆ ಲೇಟಾದವರ ದಾರಿ ಅನ್ನಿಸುತ್ತದೆ. ‘ತುರ್ತು ನಿರ್ಗಮನ’ ಮಕ್ಕಳಿಗೆ ಅರ್ಥವಾಗುವುದಿಲ್ಲ ಎಂದು ಇನ್ನೊಬ್ಬರ ತಕರಾರು. ಏನು ಬರೆಸಲಿ?

ಮರು:
‘ತುರ್ತು’ ಸಾಕು. 1975ರದ್ದನ್ನು ನಾವು ‘ತುರ್ತು ಪರಿಸ್ಥಿತಿ’ ಎನ್ನುತ್ತೇವೆ, ‘ಅವಸರ ಪರಿಸ್ಥಿತಿ’ ಅಲ್ಲ. ತಮಿಳರಿಗೆ ಅದೇ ‘ಅವಸರ ನಿಲೈ’. ಅವರ ಅವಸರದಲ್ಲಿ ಗಾಬರಿ ಇದೆ, ನಮ್ಮದರಲ್ಲಿ ಬರೀ ಗಡಿಬಿಡಿ. ರಸ್ತೆ ಬದಿಯ ‘ಅವಸರವೇ ಅಪಘಾತಕ್ಕೆ ಕಾರಣ’ ನೆನಪಿಸಿಕೊಳ್ಳಿ. ಅಂಥ ಪದವನ್ನು ಜೀವ ಉಳಿಸೋ ಬಾಗಿಲಿಗೆ ಹಾಕುತ್ತಾರಾ?

ಸಂಸ್ಕೃತದಲ್ಲಿ ಅವಸರ ಅಂದರೆ ತಕ್ಕ ಸಮಯ, ಸಂದರ್ಭ. ಹಿಂದಿ ಅದನ್ನೇ ಉಳಿಸಿಕೊಂಡಿತು, ಅಲ್ಲಿ ‘ಅವಸರ್’ ಅಂದರೆ ಅವಕಾಶ. ನಮ್ಮ ‘ಅವಕಾಶ’ ಅಲ್ಲಿ ಹೋಗಿ ರಜೆಯಾಗಿದೆ! ಮಲಯಾಳದಲ್ಲಿ ಕೆಲಸದ ಅವಕಾಶಕ್ಕೆ ‘ತೊಳಿಲವಸರಂ’. ತೆಲುಗಿನವರಿಗೆ ಅವಸರ ಅಂದರೆ ಅಗತ್ಯ. ನಮ್ಮದು ಪಾವಗಡ. ನಮ್ಮಜ್ಜಿ ಇನ್ನೊಂದು ಮುದ್ದೆ ಹಾಕಲು ಬಂದರೆ ತಾತ ‘ಅವಸರಂ ಲೇದು’ ಎನ್ನುತ್ತಿದ್ದರು. ಬೇಡ ಎಂದರ್ಥ. ಪಕ್ಕದಲ್ಲಿ ಕೂತ ಬೆಂಗಳೂರಿನ ಅಳಿಯ, ನಿಧಾನವಾಗಿ ಬಡಿಸಿ ಎನ್ನುತ್ತಿದ್ದಾರೆ ಅಂದುಕೊಂಡಿದ್ದ.

ಮರು:
ಮೊದಲು, ಅದು ‘ವಳಿ’ ಅಲ್ಲ, ‘ವೞಿ’. ಹಳಗನ್ನಡದಲ್ಲಿ ನಮಗೂ ಇದ್ದ ಅಕ್ಷರ.
ಎರಡನೆಯದು, ‘ತುರ್ತು’ ಕನ್ನಡವೇ ಅಲ್ಲ. ಮರಾಠಿಯ ‘ತೂರ್ತ’, ಹಿಂದಿಯ ‘ತುರಂತ್’ ಎಲ್ಲ ಒಂದೇ ಕುಲ. ಬೇರು ಸಂಸ್ಕೃತದ ತ್ವರೆ. ‘ನಿರ್ಗಮನ’ದ ಬಗ್ಗೆ ಮಾತೇ ಬೇಡ. ಅಚ್ಚಗನ್ನಡದಲ್ಲಿ ‘ಪಾರುದಾರಿ’ ಎಂದು ಬರೆಸಿ.

ಮರು:
‘ಪಾರು’ ಎಲ್ಲಿಂದ ಬಂತು ಸ್ವಾಮಿ? ಸಂಸ್ಕೃತದ ‘ಪಾರ’, ಅಂದರೆ ಆಚೆ ದಡ. ಹೀಗೆ ಜರಡಿ ಹಿಡಿದರೆ ‘ಬೇಗ’ ಕೂಡ ಉದುರುತ್ತದೆ, ಅದು ‘ವೇಗ’ದ ತದ್ಭವ. ಬೆಂಕಿ ಬಿದ್ದಾಗ ಯಾರು ಪದದ ಜಾತಕ ನೋಡುತ್ತಾರೆ?

ಮರು:
ತದ್ಭವ ಬೇರೆ, ಎರವಲು ಬೇರೆ. ಬಾಯಲ್ಲಿ ಪಳಗಿದ್ದು ನಮ್ಮದು. ಅಷ್ಟು ಗೊತ್ತಿಲ್ಲದವರ ಜೊತೆ ವಾದ ಮಾಡಲ್ಲ.

ಮರು:
ಪಳಗಿದ್ದು ನಮ್ಮದು ಅಂದರೆ ‘ತುರ್ತು’ವೂ ನಮ್ಮದೇ ಆಯ್ತಲ್ವಾ?

ಮರು:
ನಾನು, ಬೋರ್ಡಿನವನು. 4:40 ಆಯಿತು. ಕನ್ನಡಕ್ಕೆ ‘ತುರ್ತು ದಾರಿ’ ಕೊಟ್ಟುಬಿಟ್ಟೆ. ಈಗ ತೆಲುಗಿನ ತಲೆನೋವು. ಅದಕ್ಕೆ ಬರೀ ‘ಅವಸರ ದ್ವಾರಂ’ ಎಂದು ಕಳಿಸಿದ್ದಾರೆ. ಪಾವಗಡದವರು ಇದ್ದೀರಾ?

ಮರು:
ಇದ್ದೀನಿ. ‘ಅತ್ಯವಸರ ದ್ವಾರಂ’ ಮಾಡಿಸಿ. ‘ಅತಿ’ ಬಿಟ್ಟರೆ ‘ಬೇಕಾದ ಬಾಗಿಲು’ ಆಗುತ್ತದೆ. ಉಳಿದ ಬಾಗಿಲುಗಳು ಬೇಡವಾ ಅಂತ ಯಾರಾದರೂ ಕೇಳಿಯಾರು.