‘ಜಾಕ್ ಸ್ಟ್ಯಾಂಡ್’ಗೆ ಕನ್ನಡದಲ್ಲಿ ಏನಂತೀರಿ? ಎತ್ತೋದು ಬೇರೆ, ಹೊರೋದು ಬೇರೆ

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಕಾರನ್ನು ಜಾಕ್ ಕೊಟ್ಟು ಎತ್ತಿದ ಮೇಲೆ ಕೆಳಗೆ ಒಂದು ಗಿಡ್ಡ ಕಬ್ಬಿಣದ ಕಂಬ ಇಡುತ್ತಾರಲ್ಲ, ಅಗಲಕ್ಕೆ ಚಾಚಿದ ಮೂರೋ ನಾಲ್ಕೋ ಕಾಲು, ನಡುವೆ ಮೇಲಕ್ಕೆ ಎಳೆಯಬಹುದಾದ ಹಲ್ಲಿನ ಕಂಬಿ, ತುದಿಯಲ್ಲಿ ಕವೆಯಂಥ ತಲೆ, ಅದರ ಹೆಸರು ಕೇಳುತ್ತಿದ್ದೇನೆ. ನಾನು ಕೇಳಿರುವುದು ಬರೀ ‘ಸ್ಟ್ಯಾಂಡ್’, ಇಲ್ಲದಿದ್ದರೆ ‘ಜಾಕ್ ಸ್ಟ್ಯಾಂಡ್’. ಕೆಲವರು ಅದನ್ನೂ ‘ಜಾಕ್’ ಅಂತಲೇ ಕರೆದುಬಿಡುತ್ತಾರೆ.

ಹಾಗೇ ಬಿಡಬಹುದಲ್ವಾ, ಬಸ್ಸು ಕಾರು ಬ್ರೇಕು ಎಲ್ಲ ಕನ್ನಡವೇ ಆಗಿಲ್ವಾ ಅಂತ ಕೇಳಬಹುದು. ನಾನೂ ಮೊದಲು ಹಾಗೇ ಬಿಟ್ಟಿದ್ದೆ. ಮನೆಯಲ್ಲೇ ಕಾರಿನ ಚಿಕ್ಕಪುಟ್ಟ ರಿಪೇರಿ ಮಾಡಿಕೊಳ್ಳುವವರಿಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ‘ಜಾಕ್ ಸ್ಟ್ಯಾಂಡ್ ಬಳಸಿ ಗಾಡಿ ಎತ್ತಿಕೊಳ್ಳಿ’ ಅಂತ ಬರೆದಿದ್ದೆ. ತಮ್ಮನಿಗೆ ಓದಲು ಕೊಟ್ಟೆ. ಅವನು ಓದಿ, ಸ್ಟ್ಯಾಂಡಿನ ಪಕ್ಕದ ಹಿಡಿಯನ್ನು ಕೈಯಲ್ಲಿ ಹಿಡಿದುಕೊಂಡು, ‘ಅಣ್ಣ, ಇದನ್ನ ಎಷ್ಟು ಸಲ ಪಂಪ್ ಮಾಡಬೇಕು?’ ಅಂತ ಕೇಳಿದ. ನನಗೆ ಎದೆ ಧಸಕ್ಕೆಂದಿತು. ಆ ಹಿಡಿ ಪಂಪ್ ಮಾಡೋದಕ್ಕಲ್ಲ, ಕಂಬಿಯನ್ನು ಕೆಳಗೆ ಬಿಡೋದಕ್ಕೆ. ತಪ್ಪು ಅವನದಲ್ಲ. ನನ್ನ ವಾಕ್ಯ ಹೇಳಿದ್ದನ್ನೇ ಅವನು ಕೇಳಿದ.

ಜಾಕ್ ಎತ್ತುತ್ತದೆ. ಅದರ ಕೆಲಸ ಅಷ್ಟೇ. ಹೈಡ್ರಾಲಿಕ್ ಜಾಕಿನಲ್ಲಿ ಭಾರ ನಿಂತಿರುವುದು ಎಣ್ಣೆಯ ಮೇಲೆ, ಆ ಎಣ್ಣೆಯನ್ನು ತಡೆದಿರುವುದು ಒಂದು ಸೀಲು. ಸೀಲು ಸವೆದಿದ್ದರೆ ಜಾಕ್ ನಿಧಾನಕ್ಕೆ ಕೂರುತ್ತದೆ, ಒಮ್ಮೊಮ್ಮೆ ಒಂದೇ ಸಲಕ್ಕೆ ಕೂತುಬಿಡುತ್ತದೆ. ಕಾರಿನ ಜೊತೆ ಬರುವ ತಿರುಪಿನ ಜಾಕಿನದು ಇನ್ನೊಂದು ಕಷ್ಟ. ಅದರ ಬುಡ ತುಂಬಾ ಕಿರಿದು, ಗಾಡಿ ಸ್ವಲ್ಪ ಸರಿದರೂ ಪಕ್ಕಕ್ಕೆ ವಾಲುತ್ತದೆ. ಅದನ್ನು ಕೊಟ್ಟಿರುವುದು ಸ್ಟೆಪ್ನಿ ಬದಲಾಯಿಸಲು, ಗಾಡಿಯ ಕೆಳಗೆ ನುಗ್ಗಲು ಅಲ್ಲ. (ಸ್ಟೆಪ್ನಿ ಅನ್ನೋದು ವೇಲ್ಸ್‌ನ ಲನೆಥ್ಲಿ ಊರಿನ ಒಂದು ಬೀದಿಯ ಹೆಸರಿನಿಂದ ಬಂದದ್ದು. ಹೆಚ್ಚುವರಿ ಚಕ್ರ ಮಾಡಿ ಮಾರುತ್ತಿದ್ದವರ ಅಂಗಡಿ ಆ ಬೀದಿಯಲ್ಲಿತ್ತು. ಬೀದಿಯ ಹೆಸರೂ ನಮ್ಮ ಬಾಯಲ್ಲಿ ಚಕ್ರವಾಗಿ ನಿಲ್ಲಬಲ್ಲದು ಅಂದಮೇಲೆ ಒಳ್ಳೆಯ ಪದವೊಂದು ನಿಲ್ಲದೇ ಇರುತ್ತದಾ?)

ಸ್ಟ್ಯಾಂಡ್ ಏನನ್ನೂ ಎತ್ತುವುದಿಲ್ಲ. ಹೊರುತ್ತದೆ. ಅದರಲ್ಲಿ ಎಣ್ಣೆ ಇಲ್ಲ, ಸೀಲಿಲ್ಲ, ಕಬ್ಬಿಣದ ಮೇಲೆ ಕಬ್ಬಿಣ ಕೂತಿರುತ್ತದೆ. ಹಾಗಾಗಿ ಇಲ್ಲಿ ಬೇಕಾದ ಕ್ರಿಯಾಪದ ‘ಎತ್ತು’ ಅಲ್ಲ, ‘ಇಳಿಸು’. ಜಾಕಿನಿಂದ ಎತ್ತಬೇಕು, ಸ್ಟ್ಯಾಂಡನ್ನು ಗಾಡಿಯ ಗಟ್ಟಿ ಜಾಗದ ಕೆಳಗೆ ಇಡಬೇಕು, ಆಮೇಲೆ ಜಾಕನ್ನು ನಿಧಾನಕ್ಕೆ ಬಿಟ್ಟು ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಇಳಿಸಬೇಕು. ಎಷ್ಟೋ ಜನ ಕೊನೆಯ ಹೆಜ್ಜೆ ಮಾಡುವುದೇ ಇಲ್ಲ. ‘ಸ್ಟ್ಯಾಂಡ್ ಇಡಿ’ ಅಂತ ಓದಿ ಸುಮ್ನೆ ಪಕ್ಕದಲ್ಲಿ ಇಟ್ಟು, ಭಾರವನ್ನೆಲ್ಲ ಜಾಕಿನ ಮೇಲೇ ಬಿಟ್ಟು ಕೆಳಗೆ ಹೋಗುತ್ತಾರೆ. ‘ಸ್ಟ್ಯಾಂಡ್ ಹಾಕಿ’ ಅಂತ ಬರೆದರೆ ಇನ್ನೂ ಕಷ್ಟ, ಬೈಕಿಗೆ ಕಾಲಲ್ಲಿ ಸ್ಟ್ಯಾಂಡ್ ಹಾಕುವುದೇ ನಮ್ಮ ತಲೆಗೆ ಮೊದಲು ಬರುತ್ತದೆ. ಅದಕ್ಕೇ ಹೆಸರಿನಲ್ಲೇ ‘ಇದರ ಮೇಲೆ ಭಾರ ಕೂರಬೇಕು’ ಅನ್ನೋದು ಕೇಳಿಸಬೇಕು ಅಂತ ನನ್ನ ಆಸೆ.

ಇಂಗ್ಲಿಷಿನವರಿಗೂ ಇದರಲ್ಲಿ ಒಂದೇ ಹೆಸರಿಲ್ಲ. ಅಮೆರಿಕದಲ್ಲಿ ಜಾಕ್ ಸ್ಟ್ಯಾಂಡ್, ಬ್ರಿಟನ್ನಿನಲ್ಲಿ ಆಕ್ಸಲ್ ಸ್ಟ್ಯಾಂಡ್ (ಆಕ್ಸಲ್ ಅಂದರೆ ಚಕ್ರಗಳ ನಡುವಿನ ಅಚ್ಚು). ಜಾಕ್ ಅನ್ನೋದು ಮೊದಲು ಹುಡುಗರ ಹೆಸರು, ಆಮೇಲೆ ಕೈಕೆಲಸದ ಆಳಿಗೆ ಕರೆಯುವ ಹೆಸರಾಗಿ, ಆಳಿನ ಕೆಲಸ ಮಾಡುವ ಸಲಕರಣೆಗೂ ಅಂಟಿಕೊಂಡಿತು. ನನ್ನ ಮಟ್ಟಿಗೆ ಬ್ರಿಟನ್ನಿನವರ ಹೆಸರೇ ವಾಸಿ, ಸ್ಟ್ಯಾಂಡ್ ಏನನ್ನು ಹೊರುತ್ತದೆ ಅಂತ ಅದು ಹೇಳುತ್ತದೆ. ‘ಜಾಕ್ ಸ್ಟ್ಯಾಂಡ್’ ಅಂದರೆ ಜಾಕನ್ನೇ ಇಡುವ ಸ್ಟ್ಯಾಂಡ್ ಅನ್ನಿಸುತ್ತದೆ.

ನಾನು ಯೋಚಿಸಿದ ಪದಗಳನ್ನು ಇಡುತ್ತೇನೆ.

‘ಆಸರೆ’ ಚೆಂದದ ಮಾತು, ಆದರೆ ಅದರೊಳಗೆ ಎಲ್ಲವೂ ಹಿಡಿಸುತ್ತದೆ. ‘ಗಾಡಿಗೆ ಆಸರೆ ಕೊಡಿ’ ಅಂದರೆ ಇಟ್ಟಿಗೆಯೂ ಆಸರೆ, ಸಿಮೆಂಟಿನ ಬ್ಲಾಕೂ ಆಸರೆ. ಇವೆರಡನ್ನೂ ಕಾರಿನ ಕೆಳಗೆ ಇಡಲೇಬಾರದು. ತುಂಬಾ ಹೊತ್ತು ತಡೆದುಕೊಂಡಂತೆ ಕಾಣುತ್ತವೆ, ಆಮೇಲೆ ಯಾವ ಸುಳಿವೂ ಕೊಡದೆ ಪುಡಿಯಾಗುತ್ತವೆ. ಕಬ್ಬಿಣ ಬಾಗುತ್ತದೆ, ಇಟ್ಟಿಗೆ ಒಡೆಯುತ್ತದೆ. ಹಾಗಾಗಿ ಈ ಪದ ಬೇಡವೇ ಬೇಡ ಅನ್ನುತ್ತೇನೆ.

‘ಊರುಗೋಲು’ ಅಂದರೆ ಮುದುಕರ ಕೈಯ ಕೋಲು ಕಣ್ಣಿಗೆ ಬರುತ್ತದೆ. ಅದೂ ಅಲ್ಲದೆ ಕೋಲನ್ನು ಓರೆಯಾಗಿ ಊರುತ್ತೇವೆ. ಸ್ಟ್ಯಾಂಡ್ ನೆಟ್ಟಗೆ ನಿಲ್ಲಬೇಕು, ಓರೆಯಾದರೆ ಅಪಾಯ.

‘ಕವೆಗಂಬ’ ನನಗೆ ಇಷ್ಟವಾಗಿತ್ತು, ಆಕಾರ ತಟ್ಟನೆ ಕಣ್ಣಿಗೆ ಕಟ್ಟುತ್ತದೆ. ಆದರೆ ಈಗ ಚಪ್ಪಟೆ ತಲೆಯವು, ರಬ್ಬರ್ ದಿಂಬಿರುವವು ಕೂಡ ಇವೆ. ‘ಅಚ್ಚುಗಂಬ’ ಅಂದರೆ ಆಕ್ಸಲ್ ಸ್ಟ್ಯಾಂಡಿಗೆ ನೇರ ಕನ್ನಡ. ಅಚ್ಚು ಅಂದಕೂಡಲೇ ಬೆಲ್ಲದ ಅಚ್ಚೋ ಪುಸ್ತಕದ ಅಚ್ಚೋ ನೆನಪಾಗುತ್ತದೆ, ಮೇಲಾಗಿ ಈಗಿನ ಬಹಳಷ್ಟು ಕಾರುಗಳಲ್ಲಿ ಸ್ಟ್ಯಾಂಡ್ ಕೂರುವುದು ಅಚ್ಚಿನ ಕೆಳಗಲ್ಲ, ಬಾಡಿಯ ಅಂಚಿನಲ್ಲಿ ಕಂಪನಿಯವರು ಗುರುತು ಮಾಡಿದ ಗಟ್ಟಿ ಜಾಗದಲ್ಲಿ.

ಕೊನೆಗೆ ನನ್ನ ಮನಸ್ಸು ನಿಂತಿರುವುದು ‘ಹೊರೆಗಂಬ’ದ ಮೇಲೆ. ಮಲ್ಲಗಂಬ ಇದ್ದ ಹಾಗೆ ಹೊರೆಗಂಬ, ಬಾಯಿಗೆ ತೊಡಕಿಲ್ಲ. ಹೊರೆ ಇಳಿಸುವುದು ಅನ್ನೋ ಮಾತು ನಮ್ಮಲ್ಲಿ ಮೊದಲೇ ಇದೆ, ಹಾಗಾಗಿ ‘ಗಾಡಿಯನ್ನು ಹೊರೆಗಂಬಗಳ ಮೇಲೆ ಇಳಿಸಿ’ ಅಂತ ಬರೆದರೆ ಸರಿಯಾದ ಕ್ರಿಯಾಪದ ತಾನಾಗಿಯೇ ಜೊತೆಗೆ ಬಂದುಬಿಡುತ್ತದೆ. ‘ಹೊರೆಗಂಬದಿಂದ ಎತ್ತಿ’ ಅಂತ ಬರೆಯಲು ಹೋದರೆ ಕೈಯೇ ತಡೆಯುತ್ತದೆ.

ಬಿಡಿಭಾಗಗಳಿಗೂ ಹೆಸರು ಬೇಕು. ಹಲ್ಲಿನ ಕಂಬಿಯನ್ನು ಕೆಳಗೆ ಜಾರದಂತೆ ಕಚ್ಚಿ ಹಿಡಿಯುವ ಒಂದು ಚಿಕ್ಕ ತುಂಡಿದೆ, ಅದನ್ನು ‘ನಾಲಿಗೆ’ ಅಂದಿದ್ದೇನೆ. ‘ಕೊಕ್ಕೆ’ ಅನ್ನಬಹುದಾ? ಇದು ಚಿಲ್ಲರೆ ಭಾಗವಲ್ಲ. 2020ರಲ್ಲಿ ಅಮೆರಿಕದಲ್ಲಿ ಲಕ್ಷಗಟ್ಟಲೆ ಸ್ಟ್ಯಾಂಡ್‌ಗಳನ್ನು ವಾಪಸ್ ಪಡೆದರು, ಕಾರಣ ಇದೇ, ಹಲ್ಲು ಮತ್ತು ನಾಲಿಗೆ ಸಾಕಷ್ಟು ಆಳಕ್ಕೆ ಕಚ್ಚಿಕೊಳ್ಳುತ್ತಿರಲಿಲ್ಲ. ಇನ್ನೊಂದು ಬಗೆಯಲ್ಲಿ ಹಲ್ಲಿಲ್ಲ, ತೂತಿಗೆ ದಪ್ಪ ಪಿನ್ ತೂರಿಸುತ್ತಾರೆ. ಅದಕ್ಕೆ ‘ಕೀಲು’ ಸಾಕು ಅನ್ನಿಸುತ್ತದೆ. ಎತ್ತಿನ ಗಾಡಿಯ ಕಡೆಗೀಲು ನಮ್ಮಲ್ಲಿ ಇದ್ದೇ ಇದೆಯಲ್ಲ. ಹೊಸಬರಿಗೆ ನಾನು ಹೇಳುವುದು ಕೀಲಿನದೇ ತಗೊಳ್ಳಿ ಅಂತ, ಹಲ್ಲಿನದಾದರೆ ಜೊತೆಗೆ ಕೀಲೂ ಇರುವಂಥದ್ದು.

ಅಳತೆಯಲ್ಲೂ ಮಾತಿನ ತೊಡಕಿದೆ. ಪೆಟ್ಟಿಗೆಯ ಮೇಲೆ ‘3 ಟನ್’ ಅಂತ ಇರುತ್ತದೆ. ಕೆಲವರು ಅದನ್ನು ಜೋಡಿಗೆ ಬರೆಯುತ್ತಾರೆ, ಕೆಲವರು ಒಂದೊಂದಕ್ಕೆ. ಜೋಡಿಗೆ ಅಂದರೆ ಒಂದೊಂದು ಹೊರುವುದು ಒಂದೂವರೆಯಷ್ಟೇ. ಟನ್ ಕೂಡ ಒಂದಲ್ಲ, ಅಮೆರಿಕದ ಟನ್ ಸುಮಾರು 907 ಕಿಲೋ, ಮೆಟ್ರಿಕ್ ಟನ್ 1000 ಕಿಲೋ. ಅದಕ್ಕೆ ‘ತಲಾ ಇಷ್ಟು ಕಿಲೋ’ ಅಂತ ಬರೆಯೋಣ ಅಂದುಕೊಂಡಿದ್ದೇನೆ. ‘ತಲಾ’ ಅನ್ನೋದು ಆಳುಗಳ ಲೆಕ್ಕಕ್ಕೆ ಮಾತ್ರ ಹೊಂದುತ್ತದಾ, ವಸ್ತುವಿಗೂ ಸರಿಯಾ?

ಚಕ್ರ ಉರುಳದಂತೆ ಕೊಡುವುದಕ್ಕೆ ‘ಬೆಣೆ’ ಅಂತ ಬಳಸಿದ್ದೇನೆ, ಅದರಲ್ಲಿ ಅನುಮಾನವಿಲ್ಲ. ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಹಿಡಿಯುವುದು ಹಿಂದಿನ ಚಕ್ರಗಳನ್ನು, ಹಿಂಭಾಗವನ್ನೇ ಎತ್ತಿದರೆ ಅದರಿಂದ ಪ್ರಯೋಜನವಿಲ್ಲ, ಮುಂದಿನ ಚಕ್ರಗಳಿಗೆ ಬೆಣೆ ಕೊಡಲೇಬೇಕು. ನೆಲ ಗಟ್ಟಿಯಾಗಿ, ಸಮವಾಗಿ ಇರಬೇಕು. ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲಿ ಸ್ಟ್ಯಾಂಡಿನ ಕಾಲು ಹೂತುಹೋಗುತ್ತದೆ.

ಇನ್ನೊಂದು ವಾಕ್ಯ ಸಿಕ್ಕಿಹಾಕಿಕೊಂಡಿದೆ. ಗಾಡಿ ಇಳಿಸಿದ ಮೇಲೆ, ಕೆಳಗೆ ಹೋಗುವ ಮೊದಲು, ಅದನ್ನು ಪಕ್ಕದಿಂದ ತಳ್ಳಿ ಗಟ್ಟಿಯಾಗಿ ನಿಂತಿದೆಯಾ ಅಂತ ನೋಡಬೇಕು. ‘ಅಲುಗಾಡಿಸಿ’ ಅಂತ ಬರೆದರೆ ಜೋರಾಗಿ ಕುಲುಕುತ್ತಾರೇನೋ ಅನ್ನೋ ಭಯ, ‘ಮುಟ್ಟಿ ನೋಡಿ’ ಅಂದರೆ ಏನೂ ಮಾಡಿದ ಹಾಗಾಗುವುದಿಲ್ಲ. ‘ಅದುಮಿ ನೋಡಿ’ ಸರಿಹೋಗುತ್ತದಾ?

ಗ್ಯಾರೇಜಿನಲ್ಲಿ ಕೆಲಸ ಮಾಡುವವರು, ಅಥವಾ ಅಂಥವರ ಮಾತು ಹತ್ತಿರದಿಂದ ಕೇಳಿದವರು ಇಲ್ಲಿದ್ದರೆ, ಈ ಕಂಬಕ್ಕೆ ಅವರ ಬಾಯಲ್ಲಿ ಬೇರೆ ಹೆಸರೇನಾದರೂ ಇದ್ದರೆ ದಯವಿಟ್ಟು ಹೇಳಿ. ಬಳಕೆಯಲ್ಲಿರುವ ಪದ ಸಿಕ್ಕರೆ ನನ್ನ ಹೊರೆಗಂಬವನ್ನು ಖುಷಿಯಿಂದ ಬಿಟ್ಟುಕೊಡುತ್ತೇನೆ. ಸ್ಟ್ಯಾಂಡಿನ ಜೊತೆ ‘ಎತ್ತಿ’ ಇದ್ದ ಕಡೆಯಲ್ಲೆಲ್ಲ ಸದ್ಯಕ್ಕೆ ‘ಇಳಿಸಿ’ ಅಂತ ತಿದ್ದಿ, ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ.