ತಮ್ಮನಿಗೆ ಮಂಗಳೂರಲ್ಲಿ ಬಿಎಸ್ಸಿ ಸೀಟು, ಫೀಸಿಗೆ ಎಂತೆಲ್ಲ ಸ್ಕಾಲರ್‌ಶಿಪ್ ಉಂಟು?

ಬದಿಯಡ್ಕದ ಅಕ್ಕ:
ನಮಸ್ಕಾರ. ತಮ್ಮ ಈ ಸಲ ಪ್ಲಸ್ ಟೂ ಸಯನ್ಸಲ್ಲಿ ಒಳ್ಳೆ ಮಾರ್ಕು ತೆಗ್ದಿದ್ದಾನೆ. ಮಂಗಳೂರಿನ ಒಂದು ಪ್ರೈವೇಟ್ ಕಾಲೇಜಲ್ಲಿ ಬಿಎಸ್ಸಿ ಸೀಟು ಸಿಕ್ಕಿದೆ, ಕಾಸರಗೋಡು ಗವರ್ಮೆಂಟ್ ಕಾಲೇಜಿಗೂ ಅರ್ಜಿ ಹಾಕಿದ್ದೇವೆ. ಅಪ್ಪ ಅಡಿಕೆ ತೋಟದ ಕೆಲಸಕ್ಕೆ ಹೋಗುದು, ಅಮ್ಮ ಬೀಡಿ ಕಟ್ಟುದು, ವರ್ಷಕ್ಕೆ ಎರಡು ಲಕ್ಷ ಸಹ ದಾಟುದಿಲ್ಲ. ಕರ್ನಾಟಕ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಹಾಕಿದ್ರೆ ಸಿಗ್ತದೆ ಅಂತ ಯಾರೋ ಹೇಳಿದ್ರು, ಆದ್ರೆ ನಮ್ಮ ಆಧಾರ್, ರೇಷನ್ ಕಾರ್ಡ್ ಎಲ್ಲ ಕೇರಳದ್ದು. ಇಲ್ಲಾಂದ್ರೆ ಲೋನೇ ಗತಿಯಾ? ಅಪ್ಪನಿಗೆ ಸಾಲ ಅಂದ್ರೇ ಹೆದರಿಕೆ.

ಕುಂಬಳೆ ಮೇಷ್ಟ್ರು:
ಅಕ್ಕ, ಎಸ್‌ಎಸ್‌ಪಿ ಕರ್ನಾಟಕದ ಖಾಯಂ ನಿವಾಸಿಗಳಿಗೆ ಇರುದು, ಅದರ ಆಸೆ ಬಿಡಿ. ಮೊದ್ಲು ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್ ನೋಡಿ. ಅದ್ರಲ್ಲಿ ಕೇಂದ್ರ ಸರ್ಕಾರದ ಪಿಎಂ-ಯುಎಸ್‌ಪಿ ಅಂತ ಸ್ಕಾಲರ್‌ಶಿಪ್ ಉಂಟು, ಡಿಗ್ರಿಗೆ ವರ್ಷಕ್ಕೆ 12,000, ಪಿಜಿಗೆ 20,000. ಮನೆ ಆದಾಯ 4.5 ಲಕ್ಷದ ಒಳಗೆ ಇರ್ಬೇಕು, ಹುಡುಗ ಬೋರ್ಡಿನಲ್ಲಿ 80 ಪರ್ಸೆಂಟೈಲಿನ ಮೇಲೆ ಇರ್ಬೇಕು, ಅಂದ್ರೆ 80 ಮಾರ್ಕು ಬಂದ್ರೆ ಆಯ್ತು ಅಂತ ಅಲ್ಲ, ಪಾಸಾದವರಲ್ಲಿ ಮೇಲಿನ ನೂರಕ್ಕೆ ಇಪ್ಪತ್ತು ಮಂದಿಯೊಳಗೆ ಬರ್ಬೇಕು. ಮಂಗಳೂರಲ್ಲಿ ಓದಿದ್ರೂ ಹಾಕ್ಬಹುದು, ಯಾಕಂದ್ರೆ ನೋಡುದು ಪ್ಲಸ್ ಟೂ ಬೋರ್ಡು. ಪ್ರತಿವರ್ಷ ರಿನ್ಯೂವಲ್ ಮಾಡ್ಬೇಕು, ಅದಕ್ಕೆ 50 ಪರ್ಸೆಂಟ್ ಮಾರ್ಕು, 75 ಪರ್ಸೆಂಟ್ ಹಾಜರಿ. ಇದನ್ನು ಮರೆತು ಎರಡನೇ ವರ್ಷದ ದುಡ್ಡು ಕಳ್ಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ, ತುಂಬಾ ಬೇಜಾರಾಗ್ತದೆ.
ನನ್ನ ಕೇಳಿದ್ರೆ ಕಾಸರಗೋಡೇ ಒಳ್ಳೇದು. ಕೇರಳದ ಸರ್ಕಾರಿ, ಎಯ್ಡೆಡ್ ಕಾಲೇಜಿಗೆ ಸೇರಿದವರಿಗೆ ರಾಜ್ಯ ಉನ್ನತ ಶಿಕ್ಷಣ ಕೌನ್ಸಿಲಿನ ಸ್ಕಾಲರ್‌ಶಿಪ್ಪೂ ಉಂಟು, ಮೊದಲ ವರ್ಷ 12,000, ಆಮೇಲೆ 18,000, ಮೂರನೇ ವರ್ಷ 24,000. ಎಸ್‌ಸಿ, ಎಸ್‌ಟಿ, ಒಬಿಸಿ ಆದ್ರೆ ಕೇರಳ ಸರ್ಕಾರದ ಫೀಸು ಸಹಾಯ ಇ-ಗ್ರಾಂಟ್ಸ್ ಬಗ್ಗೆ ಕಾಲೇಜ್ ಆಫೀಸಲ್ಲೇ ಕೇಳಿ. ಒಂದು ಸಿಕ್ಕಿದ್ರೆ ಇನ್ನೊಂದು ಸಾಮಾನ್ಯ ಸಿಗುದಿಲ್ಲ, ಹಾಗಾಗಿ ಯಾವುದು ಜಾಸ್ತಿ ಅಂತ ನೋಡಿ ಹಾಕಿ.

ಮಂಜೇಶ್ವರದವ:
ನಾನು ಬ್ಯಾಂಕಲ್ಲಿ ಇರುದು. ಲೋನಿಗೆ ಅಷ್ಟು ಹೆದರ್ಬೇಡಿ, 4 ಲಕ್ಷದವರೆಗೆ ಜಾಗ ಅಡವು ಇಡ್ಲಿಕ್ಕೆ ಇಲ್ಲ, ಅಪ್ಪನೋ ಅಮ್ಮನೋ ಜೊತೆಗೆ ಸೈನ್ ಹಾಕಿದ್ರೆ ಸಾಕು, ಕಂತು ಕೋರ್ಸ್ ಮುಗಿದು ಒಂದು ವರ್ಷ ಆದ ಮೇಲೆ ಶುರು. ಆದ್ರೆ ಬಡ್ಡಿ ಮೊದಲ ದಿನದಿಂದ್ಲೇ ಓಡ್ತಾ ಇರ್ತದೆ. ಕೇಂದ್ರದ ಎಜುಕೇಶನ್ ಲೋನ್ ಯೋಜನೆ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಬಡ್ಡಿ ಸಬ್ಸಿಡಿ ಇರುದು ಹೌದು, ಅದು ಆಯ್ದ ಕಾಲೇಜುಗಳಿಗೆ ಮಾತ್ರ, ನಿಮ್ಮ ಕಾಲೇಜು ಆ ಲಿಸ್ಟಲ್ಲಿ ಉಂಟಾ ನೋಡಿ. ಮೇಷ್ಟ್ರು ಹೇಳಿದ ಹಾಗೆ ಕಾಸರಗೋಡೇ ಸರಿ, ಬಿಎಸ್ಸಿಗೆ ಸಾಲ ಮಾಡುದು ಬೇಡ, ಮುಂದೆ ಎಂಎಸ್ಸಿಗೋ ಬಿಎಡ್‌ಗೋ ಬೇಕಾದ್ರೆ ಆಗ ನೋಡ್ಬಹುದು.
ಇನ್ನೊಂದು, ಸ್ಕಾಲರ್‌ಶಿಪ್ ದುಡ್ಡು ಬರುದು ತಮ್ಮನ ಆಧಾರ್ ಲಿಂಕ್ ಆಗಿರುವ ಖಾತೆಗೆ. ಎರಡು ಮೂರು ಖಾತೆ ಇದ್ರೆ ಕೊನೆಗೆ ಯಾವುದಕ್ಕೆ ಲಿಂಕ್ ಮಾಡಿದ್ದೋ ಅಲ್ಲಿಗೆ ಹೋಗ್ತದೆ, ಬ್ಯಾಂಕಲ್ಲಿ ಎನ್‌ಪಿಸಿಐ ಸೀಡಿಂಗ್ (ದುಡ್ಡು ಬರ್ಲಿಕ್ಕೆ ಆಧಾರನ್ನು ಖಾತೆಗೆ ಲಿಂಕ್ ಮಾಡುದು) ಅಂತ ಕೇಳಿ.

ಬದಿಯಡ್ಕದ ಅಕ್ಕ:
ತುಂಬಾ ಉಪಕಾರ ಆಯ್ತು. ಇನ್‌ಕಮ್ ಸರ್ಟಿಫಿಕೇಟ್ ಅಕ್ಷಯದಲ್ಲಿ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಮಾಡಿಸುದಾ, ವಿಲೇಜ್ ಆಫೀಸಿಗೇ ಹೋಗ್ಬೇಕಾ?

ಕುಂಬಳೆ ಮೇಷ್ಟ್ರು:
ಅಕ್ಷಯದಲ್ಲೇ ಅರ್ಜಿ ಹಾಕಿ ಅಕ್ಕ, ಅದು ವಿಲೇಜ್ ಆಫೀಸಿಗೆ ಹೋಗ್ತದೆ. ತಮ್ಮನ ಹೆಸರಿನ ಸ್ಪೆಲ್ಲಿಂಗ್ ಆಧಾರಲ್ಲೂ ಪ್ಲಸ್ ಟೂ ಮಾರ್ಕ್‌ಲಿಸ್ಟಲ್ಲೂ ಒಂದೇ ಇದೆಯಾ ಅಂತ ಅಲ್ಲಿಗೆ ಹೋಗುವ ಮೊದ್ಲೇ ನೋಡಿಟ್ಕೊಳ್ಳಿ.