ಪದಚರ್ಚೆ: ವಿದೇಶಿ ನೆರವಿನ ‘ಮರುಪಾವತಿ’ ಯಾರಿಂದ ಯಾರಿಗೆ?

ಎಲ್ಲರಿಗೂ ನಮಸ್ಕಾರ.

ನೇಪಾಳ ಸರ್ಕಾರ ಹೊರದೇಶಗಳ ನೆರವನ್ನು ತನ್ನ ಬಜೆಟ್ಟಿಗೆ ಹೇಗೆ ಹೊಂದಿಸಿಕೊಳ್ಳುತ್ತದೆ ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳು ಬಗೆಹರಿಯುತ್ತಿಲ್ಲ. ನಿಮ್ಮ ಸಲಹೆ ಬೇಕು.

ಜಾಸ್ತಿ ಕಾಡುತ್ತಿರುವುದು ‘ಮರುಪಾವತಿ’. ನೇಪಾಳದ ಬಜೆಟ್ ಪುಸ್ತಕವನ್ನು ಅಲ್ಲಿ ‘ರಾತೋ ಕಿತಾಬ್’ ಅಂತಾರೆ, ಅಂದರೆ ಕೆಂಪು ಪುಸ್ತಕ. ಪ್ರತಿ ಬಾಬತ್ತಿನ ದುಡ್ಡು ಎಲ್ಲಿಂದ ಬರುತ್ತದೆ ಅಂತ ಅದರಲ್ಲಿ ಇರುತ್ತದೆ: ಸರ್ಕಾರದ್ದೇ, ವಿದೇಶಿ ಅನುದಾನವೇ, ವಿದೇಶಿ ಸಾಲವೇ. ಯಾವ ದಾರಿಯಲ್ಲಿ ಬರುತ್ತದೆ ಅನ್ನುವುದೂ ಇರುತ್ತದೆ: ನಗದು, ಸೋಧಭರ್ನಾ, ಸೋಝೈ ಭುಕ್ತಾನಿ, ವಸ್ತುಗತ. ಸೋಝೈ ಭುಕ್ತಾನಿ ಅಂದರೆ ಕೊಡುವವರೇ ಗುತ್ತಿಗೆದಾರನಿಗೆ ಪಾವತಿ ಮಾಡುವುದು. ‘ನೇರ ಪಾವತಿ’ ಅಂದರೆ ಸಾಕು. ವಸ್ತುಗತ ಅಂದರೆ ದುಡ್ಡಿನ ಬದಲು ಸಾಮಾನು.

ತೊಡಕಿರುವುದು ಸೋಧಭರ್ನಾದಲ್ಲಿ. ಸರ್ಕಾರ ಮೊದಲು ಖಜಾನೆಯಿಂದ ಖರ್ಚು ಮಾಡುತ್ತದೆ. ಆಮೇಲೆ ಲೆಕ್ಕ ಕಳಿಸಿ ನೆರವು ಕೊಡುವವರಿಂದ ಅಷ್ಟನ್ನು ತರಿಸಿಕೊಳ್ಳುತ್ತದೆ. ನಮ್ಮ ಕಚೇರಿಗಳಲ್ಲಿ ಇದೂ ಮರುಪಾವತಿಯೇ: ವೈದ್ಯಕೀಯ ವೆಚ್ಚ ಮರುಪಾವತಿ, ಶುಲ್ಕ ಮರುಪಾವತಿ. ಆದರೆ ಸಾಲ ತೀರಿಸುವುದಕ್ಕೂ ಅದೇ ಪದ ಅಲ್ವಾ? ‘ವಿಶ್ವಬ್ಯಾಂಕ್ ಸಾಲದ ಮರುಪಾವತಿ ತಡವಾಗಿದೆ’ ಅಂತ ಬರೆದರೆ ತಡ ಮಾಡಿದವರು ಯಾರು? ಬ್ಯಾಂಕಿನಿಂದ ದುಡ್ಡು ಬರಬೇಕಿತ್ತೋ, ನೇಪಾಳ ಕಟ್ಟಬೇಕಿತ್ತೋ? ನೇಪಾಳದ ಮಹಾಲೇಖಾ ಪರೀಕ್ಷಕರು ಸೋಧಭರ್ನಾ ಬಾಕಿಯ ಬಗ್ಗೆ ಆಕ್ಷೇಪ ಎತ್ತುತ್ತಾರೆ. ಅದನ್ನು ಕನ್ನಡದಲ್ಲಿ ‘ಮರುಪಾವತಿ ಬಾಕಿ’ ಅಂದರೆ ನೇಪಾಳ ಸಾಲ ಕಟ್ಟಿಲ್ಲ ಅಂತ ಓದುಗರು ತಿಳಿಯುತ್ತಾರೆ. ಪೂರ್ತಿ ಉಲ್ಟಾ!

‘ನಷ್ಟಭರ್ತಿ’ ನಮ್ಮಲ್ಲಿ ಮೊದಲಿಂದಲೂ ಇದೆ. ಅದೇ ಜಾಡಿನಲ್ಲಿ ‘ವೆಚ್ಚಭರ್ತಿ’ ಅನ್ನಬಹುದಾ? ‘ಮರುಪಾವತಿ’ಯನ್ನು ಸಾಲ ತೀರಿಸುವುದಕ್ಕಷ್ಟೇ ಇಟ್ಟುಕೊಳ್ಳೋಣ.

ಎರಡನೆಯದು ‘ನೆರವು’. 2015ರ ಏಪ್ರಿಲ್ ಭೂಕಂಪದ ನಂತರ, ಜೂನ್ 25ರಂದು ಕಾಠ್ಮಂಡುವಿನಲ್ಲಿ ನೆರವು ಕೊಡುವವರ ಸಮಾವೇಶ ನಡೆಯಿತು. ಭಾರತ 100 ಕೋಟಿ ಡಾಲರ್ ಕೊಡುತ್ತೇನೆ ಅಂತ ಹೇಳಿತು. ಅದರಲ್ಲಿ ಕಾಲುಭಾಗ ಅನುದಾನ, ಉಳಿದದ್ದು ಸಾಲ. ಅನುದಾನದ ಒಪ್ಪಂದಕ್ಕೆ ಸಹಿ ಬಿದ್ದಿದ್ದು 2016ರ ಫೆಬ್ರವರಿಯಲ್ಲಿ, ಸಾಲದ್ದಕ್ಕೆ ಸೆಪ್ಟೆಂಬರ್‌ನಲ್ಲಿ. ಅನುದಾನದ ಒಂದು ಪಾಲು ಗೋರ್ಖಾ ಮತ್ತು ನುವಾಕೋಟ್ ಜಿಲ್ಲೆಗಳ 50,000 ಮನೆಗಳಿಗೆ. ಆಗ ನೇಪಾಳದ ಮನೆ ಅನುದಾನ ಒಂದು ಕುಟುಂಬಕ್ಕೆ 3 ಲಕ್ಷ ನೇಪಾಳಿ ರೂಪಾಯಿ ಇತ್ತು. ಮನೆಯವರು ಒಪ್ಪಂದಕ್ಕೆ ಸಹಿ ಮಾಡಿದ ಮೇಲೆ ಮೊದಲು 50,000. ಅಡಿಪಾಯ ಎದ್ದು, ಎಂಜಿನಿಯರ್ ನೋಡಿ ಸರಿ ಅಂದಮೇಲೆ 1,50,000. ಗೋಡೆ ಮೇಲೆದ್ದ ಮೇಲೆ ಇನ್ನು 1,00,000. ಅಲ್ಲಿನವರು ಇದಕ್ಕೆ ‘ಕಿಸ್ತಾ’ ಅಂತಾರೆ. ನಮ್ಮ ಕಂದಾಯದ ಕಿಸ್ತು ನೆನಪಾಗುತ್ತದೆ. ಎರಡರ ಮೂಲವೂ ಅರಬ್ಬಿಯೇ.

ಅಂದರೆ ‘ಕೊಡ್ತೀವಿ’ ಅಂದ ದಿನಕ್ಕೂ ಗೋಡೆ ಮೇಲೆದ್ದ ದಿನಕ್ಕೂ ನಡುವೆ ಎಷ್ಟೊಂದು ಮೆಟ್ಟಿಲು. ಪತ್ರಿಕೆಯಲ್ಲಿ ಬರುವುದು ಮೊದಲ ಮೆಟ್ಟಿಲೊಂದೇ: ‘ನೇಪಾಳಕ್ಕೆ 100 ಕೋಟಿ ಡಾಲರ್ ನೆರವು’. ಓದಿದವರು ದುಡ್ಡು ಆಗಲೇ ಹೋಯಿತು ಅಂದುಕೊಳ್ಳುತ್ತಾರೆ. ಸದ್ಯಕ್ಕೆ ನಾನು ಬಾಯಿಮಾತಿಗೆ ‘ಘೋಷಣೆ’, ಸಹಿಯಾದದ್ದಕ್ಕೆ ‘ಒಪ್ಪಿದ ಮೊತ್ತ’, ಕೈಗೆ ಸೇರಿದ್ದಕ್ಕೆ ‘ಬಟವಾಡೆ’ ಅಂತ ಬಳಸುತ್ತಿದ್ದೇನೆ. ‘ಬಿಡುಗಡೆ’ ಬೇಡ ಅನಿಸಿತು. ನಮ್ಮಲ್ಲಿ ಬಿಡುಗಡೆಯಾದ ದುಡ್ಡು ಜಿಲ್ಲೆಯಲ್ಲೋ ತಾಲ್ಲೂಕಿನಲ್ಲೋ ತಂಗಿರುವುದು ಹೊಸದೇನಲ್ಲ. ಬಟವಾಡೆ ಅಂದರೆ ಕೈಗೆ ಬಂತು ಅಂತಲೇ. ಆದರೆ ಸಂಬಳದ ದಿನದ ವಾಸನೆ ಹೊಡೆಯುತ್ತದೆ ಅಂತ ಗೆಳೆಯರೊಬ್ಬರ ತಕರಾರು. ದೇಶದಿಂದ ದೇಶಕ್ಕೆ ಹೋಗುವ ದುಡ್ಡಿಗೆ ಅದು ಒಗ್ಗುತ್ತದಾ?

ಕೊನೆಯದು ‘ಯೋಜನೆ’. ಪ್ಲಾನ್, ಪ್ರಾಜೆಕ್ಟ್, ಸ್ಕೀಮ್ ಎಲ್ಲಕ್ಕೂ ನಾವು ಇದನ್ನೇ ಅನ್ನುತ್ತೇವೆ. ನೇಪಾಳದ ರಾಷ್ಟ್ರೀಯ ಯೋಜನಾ ಆಯೋಗ ಐದು ವರ್ಷಕ್ಕೆ ಮಾಡುವುದು ಯೋಜನೆ, ಅದರೊಳಗಿನ ಒಂದು ಸೇತುವೆಯೂ ಯೋಜನೆ. ‘ಯೋಜನೆಯಲ್ಲಿಲ್ಲದ ಯೋಜನೆಗಳಿಗೆ ನೆರವು ಪಡೆಯಬಾರದು’ ಅಂತ ಬರೆದು ನಾನೇ ಬೆಪ್ಪಾದೆ. ಸೇತುವೆಗೆ ‘ಕಾಮಗಾರಿ’ ಆಗುತ್ತದೆ. ಆದರೆ ಶಿಕ್ಷಕರ ತರಬೇತಿಯನ್ನು ಕಾಮಗಾರಿ ಅನ್ನೋಕಾಗಲ್ಲ. ಅದಕ್ಕೆ ಸುಮ್ನೆ ‘ಪ್ರಾಜೆಕ್ಟ್’ ಅಂತಲೇ ಇಟ್ಟಿದ್ದೇನೆ. ಇದರಲ್ಲಿ ನನಗೆ ಹಟವಿಲ್ಲ.

ಖಜಾನೆ, ಹಣಕಾಸು ಇಲಾಖೆಯಲ್ಲಿ ಕೆಲಸ ಮಾಡಿದವರು ಈ ಗುಂಪಿನಲ್ಲಿದ್ದಾರೆ. ಮುಖ್ಯವಾಗಿ ಅವರನ್ನೇ ಕೇಳುತ್ತಿದ್ದೇನೆ. ನಮ್ಮ ರಾಜ್ಯಕ್ಕೂ ವಿಶ್ವಬ್ಯಾಂಕ್, ಜಪಾನಿನ ನೆರವು ಸಂಸ್ಥೆ ಜೈಕಾದ ಸಾಲ ಬಂದಿದೆ. ಆ ಕಡತಗಳಲ್ಲಿ ಖರ್ಚು ಮಾಡಿದ ಮೇಲೆ ತರಿಸಿಕೊಳ್ಳುವ ದುಡ್ಡಿಗೆ ಕನ್ನಡದಲ್ಲಿ ಏನು ಬರೆಯುತ್ತಿದ್ದಿರಿ? ಟಿಪ್ಪಣಿಯಲ್ಲಿ ಬರೆಯದೆ ಬರೀ ಬಾಯಲ್ಲಿ ಅನ್ನುತ್ತಿದ್ದ ಪದವಾದರೂ ಪರವಾಗಿಲ್ಲ.